‘ಬಿಟ್ಟುಕೊಡು’ ಬಲ್ಲವರಿಗೆ ‘ಗಿವ್ ಅಪ್’ ಯಾಕೆ ಕಷ್ಟ?

ಬೆಳಿಗ್ಗೆ ಐದಕ್ಕೆ ಅಲಾರಂ ‘ವೆಂಟ್ ಆಫ್’ ಅಂದರೆ ಅದು ಹೊಡೆದುಕೊಳ್ಳಲು ಶುರುಮಾಡಿತು. ರಾತ್ರಿ ಎಂಟಕ್ಕೆ ಲೈಟು ‘ವೆಂಟ್ ಆಫ್’ ಅಂದರೆ ಆರಿಹೋಯಿತು. ಹೊರಗೇ ಉಳಿದ ಹಾಲು ‘ವೆಂಟ್ ಆಫ್’ ಅಂದರೆ ಕೆಟ್ಟಿತು, ಬಾಂಬು ‘ವೆಂಟ್ ಆಫ್’ ಅಂದರೆ ಸಿಡಿಯಿತು, ಮದುವೆ ಚೆನ್ನಾಗಿ ‘ವೆಂಟ್ ಆಫ್’ ಅಂದರೆ ಸಾಂಗವಾಗಿ ನಡೆಯಿತು. ಮಾತಿಲ್ಲದೆ ಎದ್ದು ಹೋದ ನೆಂಟನೂ ‘ವೆಂಟ್ ಆಫ್’. ಶುರುವಾಗುವುದಕ್ಕೂ ನಿಲ್ಲುವುದಕ್ಕೂ, ಕೆಡುವುದಕ್ಕೂ ಚೆನ್ನಾಗಿ ನಡೆಯುವುದಕ್ಕೂ ಅವೇ ಎರಡು ಪದ. ಇಂಗ್ಲಿಷ್ ಕಲಿಯಲು ಕೂತವರಿಗೆ ಇದು ಭಾಷೆಯೋ ತಮಾಷೆಯೋ ಅನ್ನಿಸಿದರೆ ಅವರನ್ನು ದೂರುವಂತಿಲ್ಲ.

ಗೋ ಅಂದರೆ ಹೋಗು, ಆಫ್ ಅಂದರೆ ಬಿಟ್ಟು ಆಚೆ. ಬಿಡಿಬಿಡಿಯಾಗಿ ಇವನ್ನು ಪ್ರೈಮರಿ ಶಾಲೆಯ ಮಗುವೂ ಬಲ್ಲದು. ಕೂಡಿದಾಗ ಹುಟ್ಟುವ ಅರ್ಥ ಮಾತ್ರ ಎಂ.ಎ. ಓದಿದವರಿಗೂ ಒಮ್ಮೊಮ್ಮೆ ಕೈಕೊಡುತ್ತದೆ. ಕ್ರಿಯಾಪದದ ಬೆನ್ನಿಗೆ ಅಪ್, ಔಟ್, ಆಫ್, ಆನ್, ಡೌನ್‌ನಂಥ ಪುಟ್ಟ ಪದವೊಂದು ಅಂಟಿಕೊಂಡು ಬೇರೆಯೇ ಅರ್ಥ ಕೊಡುವ ಇಂಥ ಜೋಡಿಗೆ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು. ಹೆಸರಿಗೆ ಇನ್ನೂ ನೂರು ವರ್ಷ ಚಿಲ್ಲರೆ ವಯಸ್ಸು. ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ತಂದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಿಂದ ಅದು ಬಳಕೆಗೆ ಬಂತು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರ್ಯಾಡ್ಲಿ ತನಗೆ ಈ ಹೆಸರು ಸೂಚಿಸಿದರೆಂದು ಸ್ಮಿತ್ ಹೇಳಿಕೊಂಡಿದ್ದಾರೆ.

ಕಾಟ ಮಾತ್ರ ಹಳೆಯದು. ಸ್ಯಾಮುಯೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ನಿಘಂಟನ್ನು ಹೊರತಂದಾಗ ಮುನ್ನುಡಿಯಲ್ಲೇ ಈ ವಿಷಯ ಎತ್ತಿದ್ದ. ಕ್ರಿಯಾಪದದ ಹಿಂದೆ ಇನ್ನೊಂದು ಪದ ಸೇರಿ ಅರ್ಥ ಬದಲಾಗುವ ರೂಢಿ ಪರದೇಶದವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ, ಆದ್ದರಿಂದ ಇಂಥವನ್ನು ತಾನು ಮುತುವರ್ಜಿಯಿಂದ ಹೆಕ್ಕಿದ್ದೇನೆ ಎಂಬುದು ಅವನ ಮಾತಿನ ಸಾರ. ಹೆಕ್ಕಿ ಮುಗಿಸುವುದು ಯಾರಿಂದಲೂ ಆಗಿಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಯಾವುದೋ ಘನಗಂಭೀರ ಪದದ್ದಲ್ಲ, ‘ಸೆಟ್’ ಎಂಬ ಮೂರಕ್ಷರದ್ದು. ಸೆಟ್ ಅಪ್, ಸೆಟ್ ಆಫ್, ಸೆಟ್ ಔಟ್, ಸೆಟ್ ಇನ್ ಎಂಬ ಬಳಗವೇ ಅದರ ಹೊಟ್ಟೆ ಉಬ್ಬಿಸಿದವುಗಳಲ್ಲಿ ಮುಖ್ಯವಾದದ್ದು.

ನಮ್ಮಲ್ಲಿ ಇದನ್ನು ಕಲಿಸುವ ಬಗೆ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ತೆರೆದರೆ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇರುತ್ತದೆ. ‘ಟೇಕ್’ ಎಂಬ ತಲೆಬರಹದ ಕೆಳಗೆ ಟೇಕ್ ಆಫ್ಟರ್, ಟೇಕ್ ಇನ್, ಟೇಕ್ ಆಫ್, ಟೇಕ್ ಆನ್, ಟೇಕ್ ಓವರ್, ಟೇಕ್ ಅಪ್ ಸಾಲಾಗಿ ನಿಂತಿರುತ್ತವೆ. ಎದುರಿಗೆ ಒಂದೊಂದು ಅರ್ಥ. ಧಾರವಾಡದ ರೂಮುಗಳಲ್ಲಿ, ಬೆಂಗಳೂರಿನ ವಿಜಯನಗರದ ಗ್ರಂಥಾಲಯಗಳಲ್ಲಿ ಹುಡುಗ ಹುಡುಗಿಯರು ಇದನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ. ನನ್ನ ಕೇಳಿದರೆ ಕಲಿಯುವ ದಾರಿಗಳಲ್ಲೆಲ್ಲ ಅತಿ ಕೆಟ್ಟದ್ದು ಇದೇ. ಒಂದೇ ಮುಖದ ಆರು ಮಂದಿಯನ್ನು ಒಟ್ಟಿಗೆ ಪರಿಚಯ ಮಾಡಿಸಿದರೆ ಯಾರ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ. ಪಟ್ಟಿಯಲ್ಲಿ ವಾಕ್ಯ ಇರುವುದಿಲ್ಲ, ಆಡುವವರು ಇರುವುದಿಲ್ಲ, ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದಂತೂ ಇಲ್ಲವೇ ಇಲ್ಲ.

ಇಂಗ್ಲಿಷಿಗೆ ಈ ಚಾಳಿ ಎಲ್ಲಿಂದ ಬಂತು ಎಂದು ಸ್ವಲ್ಪ ಹಿಂದೆ ಹೋಗಿ ನೋಡಿದರೆ ಗೋಜಲು ಬಿಡಿಸಿಕೊಳ್ಳುತ್ತದೆ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪುಟ್ಟ ಪದಗಳು ಹೆಚ್ಚಾಗಿ ಕ್ರಿಯಾಪದದ ಮುಂದೆಯೇ ಕೂರುತ್ತಿದ್ದವು, ನಮ್ಮ ‘ಮುಂದೂಡು’, ‘ಹಿಂಜರಿ’, ‘ಹೊರಹಾಕು’, ‘ಒಳಗೊಳ್ಳು’ಗಳಲ್ಲಿ ಕೂತಿರುವ ಹಾಗೆ. ಅವುಗಳ ಪಳೆಯುಳಿಕೆ ಈಗಲೂ ಇದೆ: ಅಪ್‌ಹೋಲ್ಡ್, ಓವರ್‌ಟೇಕ್, ಓವರ್‌ಲುಕ್. ಆಮೇಲೆ ಪದ ಹಿಂದಕ್ಕೆ ಸರಿಯಿತು. ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ಮಾತಿನ ಪ್ರಭಾವವೂ ಇದರಲ್ಲಿ ಇರಬೇಕೆಂದು ಹಲವು ಪಂಡಿತರ ಊಹೆ. ಹಿಂದಕ್ಕೆ ಸರಿದದ್ದು ಅರ್ಥವನ್ನೂ ಬದಲಿಸಿತು. ಹೈಕೋರ್ಟು ತೀರ್ಪನ್ನು ‘ಅಪ್‌ಹೋಲ್ಡ್’ ಮಾಡಿದರೆ ಎತ್ತಿಹಿಡಿಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಾವು ‘ಹೆಲ್ಡ್ ಅಪ್’ ಆದರೆ ಸಿಕ್ಕಿಹಾಕಿಕೊಂಡೆವು. ಬಸ್ಸನ್ನು ‘ಓವರ್‌ಟೇಕ್’ ಮಾಡುವುದು ಬೇರೆ, ಬಸ್ ಕಂಪನಿಯನ್ನು ‘ಟೇಕ್ ಓವರ್’ ಮಾಡುವುದು ಬೇರೆ. ಲೆಕ್ಕದ ಪುಸ್ತಕವನ್ನು ‘ಲುಕ್ ಓವರ್’ ಮಾಡಿದ ಗುಮಾಸ್ತ ತನ್ನ ಕೆಲಸ ಮಾಡಿದ. ‘ಓವರ್‌ಲುಕ್’ ಮಾಡಿದವನು ನೋಡದೇ ಬಿಟ್ಟ.

‘ಗಿವ್ ಅಪ್’ ಎಷ್ಟು ಹಳೆಯದು ಎಂಬುದಕ್ಕೆ ಒಂದು ಒಳ್ಳೆಯ ಕಥೆಯೇ ಇದೆ. ಪೀಟರ್‌ಬರೋ ಮಠದ ಸನ್ಯಾಸಿಗಳು ಬರೆದಿಟ್ಟ ವರ್ಷವಾರಿ ಚರಿತ್ರೆ 1154ಕ್ಕೆ ನಿಲ್ಲುತ್ತದೆ. ಅದರ ಕೊನೆಯ ಭಾಗದಲ್ಲಿ ರಾಜ ಸ್ಟೀಫನ್ ಆಕ್ಸ್‌ಫರ್ಡಿನಲ್ಲಿ ಸಭೆ ಕರೆದ ಪ್ರಸಂಗ ಬರುತ್ತದೆ. ಸಾಲ್ಸ್‌ಬರಿಯ ಬಿಷಪ್, ಲಿಂಕನ್ನಿನ ಬಿಷಪ್ ಮತ್ತು ತನ್ನ ಚಾನ್ಸಲರನನ್ನು ರಾಜ ಅಲ್ಲೇ ಹಿಡಿಸಿ, ಅವರು ತಮ್ಮ ಕೋಟೆಗಳನ್ನು ಬಿಟ್ಟುಕೊಡುವ ತನಕ ಸೆರೆಯಲ್ಲಿಟ್ಟನಂತೆ. ಆ ಬಿಟ್ಟುಕೊಡುವುದಕ್ಕೆ ಸನ್ಯಾಸಿ ಬಳಸಿದ್ದು ‘ಗಿವ್ ಅಪ್’ನ ಹಳೆಯ ರೂಪವನ್ನೇ. ಆಗ ಆಳುವವರು ಮಾತಾಡುತ್ತಿದ್ದದ್ದು ಫ್ರೆಂಚ್, ಚರ್ಚಿನ ಭಾಷೆ ಲ್ಯಾಟಿನ್. ಕೋಟೆ ‘ಸರೆಂಡರ್’ ಮಾಡುವುದು ಫ್ರೆಂಚಿನಿಂದ ಇಂಗ್ಲಿಷಿಗೆ ಆಮೇಲೆ ಬಂದ ಮಾತು. ಎರಡೂ ಉಳಿದುಕೊಂಡವು. ಆದರೆ ಒಂದು ಅಂಗಳದಲ್ಲಿ, ಇನ್ನೊಂದು ಆಸ್ಥಾನದಲ್ಲಿ.

ಇದು ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. ನಮ್ಮ ಮನೆಯಲ್ಲೂ ಎರಡು ಉಗ್ರಾಣಗಳಿವೆ. ‘ತ್ಯಜಿಸು’ ಎಂದು ಬರೆಯುತ್ತೇವೆ, ‘ಬಿಟ್ಟುಬಿಡು’ ಎಂದು ಆಡುತ್ತೇವೆ. ‘ಸಹಿಸು’ ಭಾಷಣಕ್ಕೆ, ‘ತಾಳಿಕೊ’ ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಗೆ. ‘ಪರಿಶೀಲಿಸು’ ಅರ್ಜಿಗೆ, ‘ನೋಡಿಕೊಂಡು ಹೇಳು’ ಅಂಗಡಿಗೆ. ಇಂಗ್ಲಿಷಿನಲ್ಲಿ ಪೋಸ್ಟ್‌ಪೋನ್ ಇದ್ದ ಕಡೆ ಪುಟ್ ಆಫ್, ಟಾಲರೇಟ್ ಇದ್ದ ಕಡೆ ಪುಟ್ ಅಪ್ ವಿತ್, ಇನ್ವೆಸ್ಟಿಗೇಟ್ ಇದ್ದ ಕಡೆ ಲುಕ್ ಇಂಟು, ಅಬಾಲಿಶ್ ಇದ್ದ ಕಡೆ ಡೂ ಅವೇ ವಿತ್ ಇರುವುದು ಇದೇ ಲೆಕ್ಕದಲ್ಲಿ. ನಮ್ಮಲ್ಲಿ ಸಂಸ್ಕೃತ ಮಾಡುವ ಕೆಲಸವನ್ನು ಅಲ್ಲಿ ಲ್ಯಾಟಿನ್ನೂ ಫ್ರೆಂಚೂ ಮಾಡುತ್ತವೆ.

ಸಿಕ್ಕು ಇರುವುದು ಇಲ್ಲೇ. ಇಂಗ್ಲಿಷ್ ನಮ್ಮ ಕಡೆಗೆ ಅಂಗಳದ ಬಾಗಿಲಿನಿಂದ ಬರಲಿಲ್ಲ. ಮೆಕಾಲೆಯ 1835ರ ಟಿಪ್ಪಣಿಯಾದ ಮೇಲೆ ಅದು ಬಂದದ್ದು ಕಚೇರಿ, ಕೋರ್ಟು, ಕಾಲೇಜುಗಳ ಮೂಲಕ. ಹಾಗಾಗಿ ನಮ್ಮಲ್ಲಿ ಓದಿದವರು ಕಾಫಿ ಕುಡಿಯುತ್ತಾ ಕೂಡ ‘ಪೋಸ್ಟ್‌ಪೋನ್’, ‘ಕಮೆನ್ಸ್’, ‘ಇಂಟಿಮೇಟ್’ ಅನ್ನುತ್ತಾರೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರುವುದಿಲ್ಲ. ಕೇಳುವ ಇಂಗ್ಲಿಷಿನವರಿಗೆ ಮಾತ್ರ, ತರಕಾರಿ ಅಂಗಡಿಯಲ್ಲಿ ‘ಎರಡು ಕಿಲೋ ಟೊಮೆಟೊ ದಯಪಾಲಿಸಿ’ ಎಂದ ಹಾಗೆ ಕೇಳಿಸುತ್ತದೆ. ಮಂಗಳೂರಿನಿಂದಲೋ ಮೈಸೂರಿನಿಂದಲೋ ಲಂಡನ್ನಿಗೆ ಹೋದ ಇಂಜಿನಿಯರಿಗೆ ಮೀಟಿಂಗಿನ ಸ್ಲೈಡು ಪೂರ್ತಿ ಅರ್ಥವಾಗಿ, ಮೀಟಿಂಗ್ ಮುಗಿದ ಮೇಲಿನ ಹರಟೆ ಅರ್ಧ ಮಾತ್ರ ಅರ್ಥವಾಗುವುದಕ್ಕೆ ಕಾರಣಗಳಲ್ಲಿ ಇದೂ ಒಂದು. ಸ್ಲೈಡು ಲ್ಯಾಟಿನ್ ಮೂಲದ ಪದಗಳಿಂದ ತುಂಬಿರುತ್ತದೆ. ಹರಟೆ ಫ್ರೇಸಲ್ ವರ್ಬುಗಳ ಮೇಲೆ ನಡೆಯುತ್ತದೆ.

ಇದನ್ನು ಸಲೀಸು ಮಾಡಲು ಹೊರಟು ಇನ್ನಷ್ಟು ಕಷ್ಟ ಮಾಡಿದವರೂ ಇದ್ದಾರೆ. ಕೇಂಬ್ರಿಜ್‌ನ ಸಿ.ಕೆ. ಆಗ್ಡನ್ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಯೋಜನೆ ಪ್ರಕಟಿಸಿದರು. ಇಡೀ ಭಾಷೆಗೆ 850 ಪದ ಸಾಕು, ಅದರಲ್ಲಿ ಕ್ರಿಯಾಪದ ಬರೀ 18 ಎಂಬುದು ಅದರ ಹೆಗ್ಗಳಿಕೆ. 1943ರಲ್ಲಿ ಹಾರ್ವರ್ಡ್‌ನಲ್ಲಿ ಮಾತಾಡಿದ ಚರ್ಚಿಲ್ ಕೂಡ ಅದಕ್ಕೆ ಬೆನ್ನು ತಟ್ಟಿದರು. ಆದರೆ 18ರಲ್ಲಿ ಬದುಕು ನಡೆಸುವುದು ಹೇಗೆ? ಪುಟ್, ಗೆಟ್, ಟೇಕ್, ಗಿವ್, ಗೋಗಳಿಗೆ ಅಪ್, ಔಟ್, ಆಫ್ ಅಂಟಿಸುತ್ತಾ ಹೋಗಬೇಕು. ಟಾಲರೇಟ್ ಎಂಬ ಒಂದು ಪದ ಉಳಿಸಲು ಹೋಗಿ ಪುಟ್ ಅಪ್ ವಿತ್ ಎಂಬ ಮೂರು ಪದದ ಒಗಟು ಕೊಟ್ಟಂತಾಯಿತು. ಪದಗಳ ಲೆಕ್ಕದಲ್ಲಿ ಮಿಕ್ಕಿದ್ದು ಅರ್ಥದ ಲೆಕ್ಕದಲ್ಲಿ ಸೋರಿಹೋಯಿತು. ಕ್ರಿಯಾಪದ ಕಮ್ಮಿ ಕಲಿತರೆ ಇಂಗ್ಲಿಷ್ ಸುಲಭ ಎಂದು ಜಾಹೀರಾತು ಕೊಡುವವರು ಇಂದಿಗೂ ಇರುವುದರಿಂದ ಇದನ್ನು ಹೇಳಬೇಕಾಯಿತು.

ಹಾಗಾದರೆ ಕನ್ನಡದವರು ಎಲ್ಲಿಂದ ಹಿಡಿಯಬೇಕು? ಕನ್ನಡದಿಂದಲೇ ಎಂದು ನನ್ನ ವಾದ.

‘ಹೇಳು’ ತೆಗೆದುಕೊಳ್ಳಿ. ‘ಹೇಳಿಕೊಡು’ ಅಂದರೆ ಕಲಿಸು. ‘ಹೇಳಿಕೊ’ ಅಂದರೆ ಮನಸ್ಸಿನ ಭಾರ ಇಳಿಸು. ‘ಹೇಳಿಬಿಡು’ ಅಂದರೆ ಇನ್ನು ತಡಮಾಡಬೇಡ. ‘ಹೇಳಿಕಳಿಸು’ ಅಂದರೆ ಬರಹೇಳು. ‘ಹೇಳಿಸಿಕೊ’ ಅಂದರೆ ಬೈಸಿಕೊ. ಕನ್ನಡ ಕಲಿಯಲು ಬಂದ ಹೊರಗಿನವರೊಬ್ಬರಿಗೆ ಹೇಳು ಗೊತ್ತು, ಕೊಡು ಗೊತ್ತು, ಕೊಳ್ಳು ಗೊತ್ತು. ‘ಮೇಷ್ಟ್ರು ಲೆಕ್ಕ ಹೇಳಿಕೊಟ್ಟರು, ಹುಡುಗ ಮೇಷ್ಟ್ರ ಹತ್ತಿರ ಹೇಳಿಸಿಕೊಂಡ’ ಎಂಬ ವಾಕ್ಯ ಸಿಕ್ಕರೆ ಅವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಇವಕ್ಕೆ ನಾವು ಪಟ್ಟಿ ಮಾಡಿ ಉರು ಹೊಡೆದಿದ್ದೇವೆಯೇ? ಇಲ್ಲ. ಬಿಡು ಬಂದರೆ ಕೆಲಸ ಮುಗಿದಂತೆ, ಕೊಳ್ಳು ಬಂದರೆ ಅದು ಮಾಡಿದವರ ಕಡೆಗೇ ತಿರುಗಿದಂತೆ, ಕೊಡು ಬಂದರೆ ಇನ್ನೊಬ್ಬರಿಗಾಗಿ ಮಾಡಿದಂತೆ, ಹಾಕು ಬಂದರೆ ಕೊಂಚ ಒರಟಾಗಿ ಮುಗಿಸಿದಂತೆ, ಇಡು ಬಂದರೆ ಮುಂದಕ್ಕೆ ಬೇಕಾಗುತ್ತದೆಂದು ಮಾಡಿದಂತೆ ಎಂಬ ಅರಿವು ನಾಲಗೆಯಲ್ಲೇ ಇದೆ.

ಅದೇ ಅರಿವನ್ನು ಇಂಗ್ಲಿಷಿನ ಬಾಲದ ಪದಗಳ ಮೇಲೆ ಪ್ರಯೋಗಿಸಿ. ‘ಡ್ರಿಂಕ್’ ಅಂದರೆ ಕುಡಿ. ‘ಡ್ರಿಂಕ್ ಅಪ್’ ಅಂದರೆ ಲೋಟದಲ್ಲಿ ಬಿಡಬೇಡ, ಕುಡಿದುಬಿಡು. ‘ಟೇರ್’ ಅಂದರೆ ಹರಿ. ‘ಟೇರ್ ಅಪ್’ ಅಂದರೆ ಹರಿದುಹಾಕು. ‘ಯೂಸ್ಡ್ ಅಪ್’ ಅಂದರೆ ಖರ್ಚಾಗಿಹೋಯಿತು. ಇಲ್ಲಿ ಅಪ್‌ಗೂ ಮೇಲಕ್ಕೂ ಸಂಬಂಧ ಹುಡುಕುತ್ತಾ ಕೂತರೆ ದಾರಿ ತಪ್ಪುತ್ತದೆ. ಅದು ನಮ್ಮ ಬಿಡು, ಹಾಕು, ಹೋಗುಗಳ ಕೆಲಸ ಮಾಡುತ್ತಿದೆ. ‘ರೈಟ್ ಡೌನ್’ ಅಂದರೆ ಬರೆದಿಡು ಅಥವಾ ಬರೆದುಕೊ. ‘ಟ್ರೈ ಔಟ್’ ಅಂದರೆ ಮಾಡಿನೋಡು, ‘ಥಿಂಕ್ ಓವರ್’ ಅಂದರೆ ಯೋಚಿಸಿನೋಡು. ‘ರೀಡ್ ಆನ್’ ಅಂದರೆ ಓದುತ್ತಾ ಹೋಗು. ಗೋ ಆನ್, ಕ್ಯಾರಿ ಆನ್, ಕೀಪ್ ಆನ್ ಎಲ್ಲದರಲ್ಲೂ ಆನ್ ಎಂಬುದು ಈ ‘ಉತ್ತಾ ಹೋಗು’ವೇ.

ಕ್ರಿಯಾಪದವನ್ನೇ ಜೋಡಿಸಬೇಕೆಂದೂ ಇಲ್ಲ, ನಮಗೆ ‘ಕೈ’ ಒಂದಿದ್ದರೆ ಸಾಕು. ಗೆಳೆಯ ಕೈಕೊಟ್ಟರೆ ‘ಲೆಟ್ ಡೌನ್’, ಬೈಕ್ ಕೈಕೊಟ್ಟರೆ ‘ಬ್ರೋಕ್ ಡೌನ್’. ಯೋಜನೆ ಕೈಬಿಟ್ಟರೆ ‘ಗಿವ್ ಅಪ್’, ಹೊಸ ಕೆಲಸ ಕೈಗೆತ್ತಿಕೊಂಡರೆ ‘ಟೇಕ್ ಅಪ್’. ಕೈಕೊಡು ಎಂಬುದರಲ್ಲಿ ಕೊಡುವುದು ಏನು, ಯಾರ ಕೈ ಎಂದು ಯಾವ ಕನ್ನಡದ ಮಗುವೂ ಕೇಳುವುದಿಲ್ಲ. ಇಂಗ್ಲಿಷಿನ ಮಗುವೂ ‘ಬ್ರೇಕ್ ಡೌನ್’ನಲ್ಲಿ ಕೆಳಗೆ ಬಿದ್ದದ್ದೇನು ಎಂದು ಕೇಳದು.

ಆದ್ದರಿಂದ ಕಲಿಯುವಾಗ ತಲೆಯ ಪದ ಹಿಡಿಯುವುದಕ್ಕಿಂತ ಬಾಲದ ಪದ ಹಿಡಿಯುವುದು ಲೇಸು. ಟೇಕ್‌ನ ಪಟ್ಟಿ ಬದಿಗಿಟ್ಟು ಔಟ್‌ನ ಬಳಗ ನೋಡಿ. ಔಟ್ ಅಂದರೆ ಹೊರಗೆ. ಒಳಗೆ ಅಡಗಿದ್ದದ್ದು ಹೊರಗೆ ಬಂದರೆ ಕಾಣಿಸುತ್ತದೆ, ಗೊತ್ತಾಗುತ್ತದೆ: ಫೈಂಡ್ ಔಟ್, ಟರ್ನ್ ಔಟ್, ಕಮ್ ಔಟ್, ಫಿಗರ್ ಔಟ್. ‘ಸತ್ಯ ಹೊರಬಿತ್ತು’ ಎಂದು ನಾವು ಅನ್ನುವುದು ಇದನ್ನೇ. ಒಳಗಿದ್ದದ್ದೆಲ್ಲ ಹೊರಗೆ ಹೋದರೆ ಬರಿದಾಗುತ್ತದೆ: ರನ್ ಔಟ್ ಆಫ್ ಪೆಟ್ರೋಲ್, ಸೋಲ್ಡ್ ಔಟ್, ವೇರ್ ಔಟ್, ಬರ್ನ್ ಔಟ್. ಗುಂಪಿನಿಂದ ಹೊರಗೆ ತೆಗೆದರೆ ಅದು ಆಯ್ಕೆ: ಪಿಕ್ ಔಟ್, ಸಿಂಗಲ್ ಔಟ್. ಮೂರು ಎಳೆ ಹಿಡಿದರೆ ಮೂವತ್ತು ಜೋಡಿ ತಾವಾಗಿ ಬಿಚ್ಚಿಕೊಳ್ಳುತ್ತವೆ. ಆಫ್‌ನಲ್ಲಿ ಎಳೆ ಒಂದೇ, ಇದ್ದ ಜಾಗ ಬಿಡುವುದು. ನೆಂಟ ಮನೆ ಬಿಟ್ಟ, ಹಾಲು ತನ್ನ ಒಳ್ಳೆಯ ಸ್ಥಿತಿ ಬಿಟ್ಟಿತು, ದೀಪ ಉರಿಯುವುದು ಬಿಟ್ಟಿತು, ಬಂದೂಕಿನಿಂದ ಗುಂಡು ಹೊರಟಿತು. ಅಲಾರಂ ಕೂಡ ಗುಂಡಿನ ಹಾಗೆ ಹಿಡಿದಿಟ್ಟದ್ದನ್ನು ಒಮ್ಮೆಲೇ ಬಿಡುತ್ತದೆ ಎಂದುಕೊಂಡರೆ ಸರಿಹೋಗುತ್ತದೆ. ಎಲ್ಲ ಜೋಡಿಗೂ ಇಂಥ ವಿವರಣೆ ಹೊಂದುವುದಿಲ್ಲ, ಒಪ್ಪುತ್ತೇನೆ. ಮನೆ ‘ಬರ್ನ್ ಡೌನ್’ ಆದರೂ ಕಾಗದ ‘ಬರ್ನ್ ಅಪ್’ ಆದರೂ ಉಳಿಯುವುದು ಬೂದಿಯೇ. ಅರ್ಜಿಯನ್ನು ‘ಫಿಲ್ ಇನ್’ ಮಾಡಿ, ‘ಫಿಲ್ ಔಟ್’ ಮಾಡಿ, ತುಂಬುವುದು ಅದೇ ಅರ್ಜಿ. ಅಂಥ ಕಡೆ ತರ್ಕ ಬಿಟ್ಟು ರೂಢಿಗೆ ತಲೆಬಾಗಬೇಕು.

ಕನ್ನಡದ ಕೀಲಿಕೈ ತಿರುಗದ ಬೀಗವೂ ಒಂದಿದೆ. ನಮ್ಮ ‘ಆರಿಸಿಬಿಡು’ ಒಡೆಯುವುದಿಲ್ಲ. ಆರಿಸಿ ಎಂಬುದಕ್ಕೂ ಬಿಡು ಎಂಬುದಕ್ಕೂ ನಡುವೆ ‘ಲೈಟು’ ತೂರಿಸಲು ಆಗದು. ಇಂಗ್ಲಿಷಿನಲ್ಲಿ ‘ಟರ್ನ್ ಆಫ್ ದ ಲೈಟ್’ ಎಂದರೂ ಸರಿ, ‘ಟರ್ನ್ ದ ಲೈಟ್ ಆಫ್’ ಎಂದರೂ ಸರಿ. ಆದರೆ ಲೈಟಿನ ಬದಲು ‘ಅದು’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಎಂಬುದು ನಮ್ಮಲ್ಲಿ ದಿನಾ ಕೇಳಿಬರುವ ತಪ್ಪು. ವಾಕ್ಯದ ತುದಿಯ ಜಾಗ ಒತ್ತಿ ಹೇಳುವ ಪದಕ್ಕೆ ಮೀಸಲು; ಆಗಲೇ ಗೊತ್ತಿರುವ ‘ಇಟ್’ಗೆ ಆ ಒತ್ತು ಬೇಡ, ಆಫ್‌ಗೆ ಬೇಕು. ಹಾಗೆಂದು ಎಲ್ಲ ಜೋಡಿಯನ್ನೂ ಸೀಳಬಾರದು. ‘ಲುಕ್ ಆಫ್ಟರ್ ಹರ್’ ಸರಿ, ‘ಲುಕ್ ಹರ್ ಆಫ್ಟರ್’ ಅಂದರೆ ನಗುತ್ತಾರೆ. ಇಂಗ್ಲಿಷ್ ಮೇಷ್ಟ್ರುಗಳು ಕೊಡುವ ಹಳೆಯ ಉದಾಹರಣೆಯೊಂದು ಈ ಭೇದವನ್ನು ಚೆನ್ನಾಗಿ ತೋರಿಸುತ್ತದೆ. ‘ರ‍್ಯಾನ್ ಅಪ್ ಎ ಹಿಲ್’, ‘ರ‍್ಯಾನ್ ಅಪ್ ಎ ಬಿಲ್’ ನೋಡಲು ಅವಳಿಗಳು. ಮೊದಲನೆಯವನು ಗುಡ್ಡ ಹತ್ತಿದ, ಎರಡನೆಯವನು ಸಾಲ ಬೆಳೆಸಿದ. ‘ರ‍್ಯಾನ್ ಎ ಬಿಲ್ ಅಪ್’ ಆಗುತ್ತದೆ. ‘ರ‍್ಯಾನ್ ಎ ಹಿಲ್ ಅಪ್’ ಆಗುವುದೇ ಇಲ್ಲ.

ಇದಕ್ಕೆ ಮದ್ದು ಒಳ್ಳೆಯ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಅಲ್ಲಿನ ವಿದ್ಯಾರ್ಥಿಗಳಿಗಾಗಿಯೇ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮೂಲಕ ಲೋಕಕ್ಕೆಲ್ಲ ಸಿಕ್ಕಿತು. ಇಂಗ್ಲಿಷಿನವರಿಗಲ್ಲ, ಕಲಿಯುವವರಿಗೆಂದೇ ಮಾಡಿದ ಆ ಬಗೆಯ ನಿಘಂಟಿನ ಈಗಿನ ಆವೃತ್ತಿಗಳಲ್ಲಿ ಜೋಡಿಯ ಪಕ್ಕ ಕರ್ಮಪದ ಕೂರುವ ಜಾಗವನ್ನು ತೋರಿಸಿರುತ್ತಾರೆ. ಸೀಳಬಹುದಾದ ಕಡೆ ಎರಡೂ ಕಡೆ ಮೊನೆಯಿರುವ ಬಾಣ ಇರುತ್ತದೆ. ಮೊಬೈಲ್‌ನಲ್ಲಿ ಅರ್ಥ ಹುಡುಕುವವರು ಆ ಬಾಣ ದಾಟಿ ಓಡುತ್ತಾರೆ. ಅರ್ಥಕ್ಕಿಂತ ಮೊದಲು ನೋಡಬೇಕಾದದ್ದು ಆ ಬಾಣ.

ನಾವೇ ಮಾಡಿಕೊಂಡ ಜೋಡಿಗಳ ಮಾತೂ ಬರಬೇಕು. ‘ಕೋಪ್ ಅಪ್ ವಿತ್’ ಭಾರತದಲ್ಲಿ ಎಷ್ಟು ಗಟ್ಟಿಯೆಂದರೆ ಅಪ್ ಇಲ್ಲದ ಕೋಪ್ ವಿತ್ ನಮ್ಮ ಕಿವಿಗೇ ಬೋಳು. ಪುಟ್ ಅಪ್ ವಿತ್, ಕೀಪ್ ಅಪ್ ವಿತ್, ಕ್ಯಾಚ್ ಅಪ್ ವಿತ್‌ಗಳ ಸಹವಾಸದಿಂದ ಬಂದಿರಬೇಕು. ‘ಡಿಸ್ಕಸ್ ಅಬೌಟ್’ ಮಾತ್ರ ನೇರ ಕನ್ನಡದ್ದು. ನಾವು ವಿಷಯದ ‘ಬಗ್ಗೆ’ ಚರ್ಚಿಸುವವರು. ‘ಐ ಪಾಸ್ಡ್ ಔಟ್ ಇನ್ 2010’ ಎಂದರೆ ನಮ್ಮಲ್ಲಿ ಡಿಗ್ರಿ ಮುಗಿಯಿತು, ಹೊರಗೆ ಮೂರ್ಛೆ ಹೋಯಿತು ಎಂದು ನಗಾಡುವುದು ರೂಢಿ. ನಗುವವರಿಗೆ ಒಂದು ಮಾತು: ಬ್ರಿಟಿಷ್ ಸೇನೆಯಲ್ಲಿ ತರಬೇತಿ ಮುಗಿಸುವುದು ಇಂದಿಗೂ ‘ಪಾಸ್ ಔಟ್’, ಅದರ ಪರೇಡಿಗೂ ಅದೇ ಹೆಸರು. ನಮ್ಮದು ತಪ್ಪಿಗಿಂತ ಹೆಚ್ಚಾಗಿ ದಂಡಿನ ನೆನಪು. ಇನ್ನು ವಿಧಾನಸೌಧದ ‘ಫೈಲ್ ಪುಟಪ್ ಮಾಡಿ’ಯನ್ನು ತಿದ್ದಲು ಹೋಗುವ ಧೈರ್ಯ ಯಾರಿಗಿದೆ? ಕಡತದಲ್ಲಿ ಅದಕ್ಕೆ ‘ಮಂಡಿಸಿದೆ’ ಎಂಬ ಚೆಂದದ ಕನ್ನಡ ಇದೆ. ಬಾಯಲ್ಲಿ ಮಾತ್ರ ಪುಟಪ್ಪೇ.

ಹೀಗೆ ಕನ್ನಡದೊಳಗೆ ಮನೆ ಮಾಡಿಕೊಂಡವು ಕಮ್ಮಿ ಇಲ್ಲ. ಥಿಯೇಟರ್ ಮುಂದೆ ಹಾಲೆರೆಸಿಕೊಳ್ಳುವ ಕಟೌಟು, ಬಿಡಿಎ ಮಾಡುವ ಲೇಔಟು, ಸ್ಕೂಲ್ ವ್ಯಾನಿನ ಪಿಕಪ್ಪು, ಫ್ಯಾಕ್ಟರಿಯ ಲಾಕೌಟು, ಆಸ್ಪತ್ರೆಯ ಚೆಕಪ್ಪು, ಕೋರಮಂಗಲದ ಸ್ಟಾರ್ಟಪ್ಪು, ಎಲ್ಲವೂ ಒಂದು ಕಾಲದ ಕ್ರಿಯಾಪದಗಳೇ. ಇಂಗ್ಲಿಷ್ ಇವನ್ನು ನಾಮಪದ ಮಾಡುವಾಗ ಒತ್ತನ್ನು ಮುಂದಕ್ಕೆ ತಂದಿತು. ಕ್ರಿಯೆಯಲ್ಲಿ ಡೌನ್ ಮೇಲೆ ಇದ್ದ ಒತ್ತು ‘ಬ್ರೇಕ್‌ಡೌನ್’ ಎಂಬ ನಾಮಪದದಲ್ಲಿ ಬ್ರೇಕ್ ಮೇಲೆ ಬೀಳುತ್ತದೆ. ನಾವು ಆ ನಾಮಪದ ತಂದು ಮಾಡು, ಆಗು ಸೇರಿಸಿ ಮತ್ತೆ ಕ್ರಿಯೆ ಮಾಡಿಕೊಂಡೆವು. ಒತ್ತು ಮಾತ್ರ ಮುಂದೆಯೇ ಉಳಿಯಿತು. ಇಂಗ್ಲಿಷ್ ಮಾತಾಡುವಾಗಲೂ ‘ದ ಕಾರ್ ಬ್ರೋಕ್ ಡೌನ್’ನಲ್ಲಿ ಡೌನ್ ನುಂಗಿಬಿಡುವುದಕ್ಕೆ ಇದೇ ಅಭ್ಯಾಸ ಕಾರಣ ಎನ್ನಿಸುತ್ತದೆ.

ಇವುಗಳಲ್ಲಿ ‘ಲೇಆಫ್’ನ ಕಥೆ ಬೇರೆ. 1947ರ ಕೈಗಾರಿಕಾ ವಿವಾದ ಕಾಯ್ದೆ ಅದಕ್ಕೆ ಬಿಗಿಯಾದ ವ್ಯಾಖ್ಯೆ ಕೊಟ್ಟಿತ್ತು. ಕಲ್ಲಿದ್ದಲು, ಕರೆಂಟು, ಕಚ್ಚಾವಸ್ತು ಇಲ್ಲದ್ದಕ್ಕೋ ಯಂತ್ರ ಕೆಟ್ಟದ್ದಕ್ಕೋ ಮಾಲೀಕ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಕಾರ್ಮಿಕನ ಹೆಸರು ಹಾಜರಿ ಪಟ್ಟಿಯಲ್ಲೇ ಇರುತ್ತದೆ, ಅರ್ಹರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರವೂ ಉಂಟು. ಕೆಲಸದಿಂದಲೇ ತೆಗೆಯುವುದಕ್ಕೆ ಆ ಕಾಯ್ದೆಯ ಪದ ಬೇರೆ, ರಿಟ್ರೆಂಚ್‌ಮೆಂಟ್. ಔಟರ್ ರಿಂಗ್ ರೋಡಿನ ಕಂಪನಿಗಳಿಂದ ಮನೆಗೆ ಬರುವ ಲೇಆಫ್ ಸುದ್ದಿಯಲ್ಲಿ ಹಾಜರಿ ಪಟ್ಟಿಯೂ ಇಲ್ಲ, ವಾಪಸು ಕರೆಯುವ ಮಾತೂ ಇಲ್ಲ. ಅಮೆರಿಕದ ಬಳಕೆ ನಮ್ಮ ಕಾನೂನಿನ ಅರ್ಥವನ್ನು ಪಕ್ಕಕ್ಕೆ ತಳ್ಳಿದೆ. ಕನ್ನಡದಲ್ಲಂತೂ ‘ಲೇಆಫ್ ಆಯ್ತು’ ಅನ್ನುತ್ತೇವೆ, ಮಳೆ ಆಯಿತು ಎಂಬಂತೆ; ಮಾಡಿದವರು ಯಾರೆಂಬುದು ವಾಕ್ಯದಲ್ಲೇ ಇಲ್ಲ.

ಫ್ರೇಸಲ್ ವರ್ಬು ಹರಟೆಗಷ್ಟೇ ಲಾಯಕ್ಕು ಎಂದುಕೊಂಡವರು ಕೋರ್ಟಿನ ವರದಿ ಓದಬೇಕು. ಸುಪ್ರೀಂ ಕೋರ್ಟು 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ‘ಸ್ಟ್ರಕ್ ಡೌನ್’, ಅಂದರೆ ಹೊಡೆದುಹಾಕಿತು, ಸೆಕ್ಷನ್ ಸತ್ತಿತು. 2018ರಲ್ಲಿ ದಂಡಸಂಹಿತೆಯ 377ನೇ ಸೆಕ್ಷನ್ನನ್ನು ‘ರೆಡ್ ಡೌನ್’ ಮಾಡಿತು. ಅಂದರೆ ಸೆಕ್ಷನ್ನನ್ನು ಪುಸ್ತಕದಲ್ಲೇ ಉಳಿಸಿ, ವಯಸ್ಕರು ಒಪ್ಪಿ ನಡೆಸುವ ಖಾಸಗಿ ಸಂಬಂಧಕ್ಕೆ ಅದು ಅನ್ವಯಿಸದ ಹಾಗೆ ಅರ್ಥವನ್ನು ಕಿರಿದು ಮಾಡಿತು. ಅಂದು ‘377 ರದ್ದು’ ಎಂದು ಓದಿದವರಿಗೆ ಅರ್ಧ ಸುದ್ದಿಯಷ್ಟೇ ಸಿಕ್ಕಿತು. ಕೆಳಗಿನ ಕೋರ್ಟಿನ ಆದೇಶವಾದರೆ ‘ಸೆಟ್ ಅಸೈಡ್’. ಡೌನ್ ಒಂದೇ, ಮುಂದಿನ ಕ್ರಿಯಾಪದ ಬದಲಾದರೆ ಒಂದು ಕಾನೂನು ಬದುಕುತ್ತದೆ, ಇನ್ನೊಂದು ಸಾಯುತ್ತದೆ.

ಕನ್ನಡ ಪತ್ರಿಕೆಯ ಭಾಷೆಯೂ ಇಂಥ ಜೋಡಿಗಳ ಮೇಲೆಯೇ ನಿಂತಿದೆ. ಕೋರ್ಟು ತೀರ್ಪು ಎತ್ತಿಹಿಡಿಯುತ್ತದೆ, ಮಂತ್ರಿಗಳು ವದಂತಿ ತಳ್ಳಿಹಾಕುತ್ತಾರೆ, ವಿರೋಧ ಪಕ್ಷದವರು ಹರಿಹಾಯುತ್ತಾರೆ, ಸಂಪುಟದಿಂದ ಯಾರನ್ನೋ ಕೈಬಿಡುತ್ತಾರೆ. ಅದೇ ದಿನದ ಇಂಗ್ಲಿಷ್ ಪತ್ರಿಕೆಯಲ್ಲಿ ಅದೇ ಸುದ್ದಿ ಹುಡುಕಿದರೆ ರೂಲ್ ಔಟ್, ಹಿಟ್ ಔಟ್ ಅಲ್ಲಿ ಕಾಯುತ್ತಿರುತ್ತವೆ. ಸುದ್ದಿ ಮೊದಲೇ ಗೊತ್ತಿರುವುದರಿಂದ ಅರ್ಥ ಊಹಿಸುವುದು ಕಷ್ಟವಲ್ಲ. ವಾಕ್ಯವೂ ಸಂದರ್ಭವೂ ಜೊತೆಗೇ ಸಿಗುತ್ತವೆ. ವಾಕ್ಯದ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಗೈಡಿನ ಪಟ್ಟಿಗಿಂತ ಚೆನ್ನಾಗಿ ಉಳಿಯುತ್ತದೆ. ಶುರುಮಾಡುವವರಿಗೆ ನಾನು ಹೇಳುವುದು ಕ್ರೀಡಾಪುಟ. ಅಲ್ಲಿ ವಾಕ್ಯ ಗಿಡ್ಡ, ನಡೆದದ್ದೇನೆಂದು ಓದುವವರಿಗೆ ಮೊದಲೇ ಗೊತ್ತು.

2001ರ ಮಾರ್ಚ್‌ನ ಕೋಲ್ಕತ್ತ ಟೆಸ್ಟ್‌ನ ವರದಿಗಳನ್ನೇ ಹುಡುಕಿ ಓದಿ. 171ಕ್ಕೆ ‘ಬೌಲ್ಡ್ ಔಟ್’ ಆದ ಭಾರತಕ್ಕೆ ಆಸ್ಟ್ರೇಲಿಯಾದ ನಾಯಕ ಸ್ಟೀವ್ ವಾ ‘ಫಾಲೋ ಆನ್’ ಹೇರಿದರು. ಎರಡನೇ ಇನಿಂಗ್ಸ್‌ನಲ್ಲಿ ವಿ.ವಿ.ಎಸ್. ಲಕ್ಷ್ಮಣ್ 281, ನಮ್ಮ ರಾಹುಲ್ ದ್ರಾವಿಡ್ 180. ನಾಲ್ಕನೇ ದಿನ ಬೆಳಗಿನಿಂದ ಸಂಜೆಯ ತನಕ ಇಬ್ಬರೂ ವಿಕೆಟ್ ಕೊಡದೆ 335 ರನ್ ಸೇರಿಸಿದರು. ಹೀಗೆ ಇಡೀ ದಿನ ಕ್ರೀಸಿನಲ್ಲೇ ನಿಂತು ಆಡಿದ್ದಕ್ಕೆ ಇಂಗ್ಲಿಷಿನಲ್ಲಿ ‘ಬ್ಯಾಟೆಡ್ ಔಟ್ ದ ಡೇ’ ಎನ್ನುತ್ತಾರೆ. ಔಟಾಗಲೇ ಇಲ್ಲವಲ್ಲ ಎಂದು ಕೇಳಬೇಡಿ. ಅವತ್ತು ಬರಿದಾದದ್ದು ದಿನ.